ನೀರು ಇಳಿಯುವವರೆಗೆ

"ಹಿಂದಕ್ಕೆ ತಗೋ ಮಾವ, ಹಿಂದಕ್ಕೆ" ಎಂದು ಯರ್ಬಾ ಹೇಳಿ ಮುಗಿಸುವಷ್ಟರಲ್ಲಿ ಎರಡನೆಯ ಅಲೆ ಗಾಡಿಯ ಬಾಗಿಲಿಗೆ ಬಡಿದು ಹಿಂಬದಿಯ ತೊಟ್ಟಿಗೂ ನುಗ್ಗಿತು. ಹಿಂದೆ ಇದೇ ಗಾಡಿಯಲ್ಲಿ ಮೀನು ಸಾಗಿಸುತ್ತಿದ್ದ ದೆದ್ದಾ ಹಲ್ಲು ಕಚ್ಚಿ ಗೇರ್ ಬದಲಿಸಿದ. ಹಳೆಯ ಲ್ಯಾಂಡ್ ರೋವರ್ ಕೆಮ್ಮಿತು, ಒದ್ದೆ ಮರಳಿನಲ್ಲಿ ಚಕ್ರ ತಿರುಗಿಸಿತು, ಕಡೆಗೂ ಹೇಗೋ ತೆವಳಿಕೊಂಡು ದಿಣ್ಣೆಯ ಬುಡದ ಒಣ ಮರಳಿಗೆ ಹತ್ತಿ ನಿಂತಿತು.

ಯರ್ಬಾ ಇಳಿದು ಹಿಂದಕ್ಕೆ ಓಡಿದ. ಚಾಪೆಯಲ್ಲಿ ಸುತ್ತಿ, ಬಲೆಯ ಹಗ್ಗದಿಂದ ಕಟ್ಟಿದ್ದ ಅಪ್ಪನ ದೇಹ ಕಟ್ಟಿದಲ್ಲೇ ಇತ್ತು. ಆದರೆ ಕಾಲಿನ ಕಡೆ ಚಾಪೆ ತೊಯ್ದು, ಒಳಗಿನ ಬಿಳಿಬಟ್ಟೆಯ ಅಂಚಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಅವನು ಆ ಅಂಚನ್ನು ಹಿಂಡಿದ. ಹಿಂಡಿದ ಮೇಲೆ, ಅಪ್ಪನ ಕಫನ್ ಬಟ್ಟೆಯನ್ನು ಅಂಗಿಯ ತೋಳಿನಂತೆ ಹಿಂಡಿದೆನಲ್ಲ ಎನ್ನಿಸಿ ಅದನ್ನು ಮೆಲ್ಲಗೆ ಬಿಡಿಸಿ ಹರವಿದ.

"ನಾನು ಹೇಳ್ಲಿಲ್ವಾ?" ದೆದ್ದಾ ಬಾಗಿಲಿಗೆ ಒರಗಿ ಚಪ್ಪಲಿಯ ಮರಳು ಕೊಡವಿದ. "ಉಬ್ಬರ ಶುರುವಾಗಿದೆ, ಈ ಮೂಲೆ ದಾಟಕ್ಕಾಗಲ್ಲ ಅಂದೆ. ನಿಂಗೆ ಡಾಂಬರಿನ ರೂಢಿ. ಪೆಡಲಿಗೆ ಕಾಲಿಟ್ಟರೆ ಗಾಡಿ ಮುಂದೆ ಹೋಗ್ಬೇಕು."

"ಕತ್ತಲಾಗೋದ್ರೊಳಗೆ ಊರು ಮುಟ್ಟಬೇಕು ಮಾವ. ಅಮ್ಮ ಕಾಯ್ತಾ ಇದಾಳೆ."

"ಕಾಯ್ಲಿ ಬಿಡು. ನಿಮ್ಮಪ್ಪನ್ನ ಕಟ್ಕೊಂಡವಳಿಗೆ ಅದೇನು ಹೊಸದಾ?"

ಯರ್ಬಾ ಒದ್ದೆ ಚಾಪೆಯನ್ನು ಮತ್ತೆ ಸುತ್ತಿದ. ತಡವಾಗಿದ್ದು ಅವನಿಂದಲೇ. ಅಪ್ಪ ಬೆಳಗಿನ ನಮಾಜಿನ ಹೊತ್ತಿಗೆ, ರಾಜಧಾನಿ ನುವಾಕ್ಷೊತ್‌ನ ಯರ್ಬಾನ ಮನೆಯಲ್ಲಿ ತೀರಿಕೊಂಡಿದ್ದ. ಇಲ್ಲೇ ಪೇಟೆಯಲ್ಲಿ ಮಣ್ಣು ಮಾಡೋಣ ಎಂದರು ಹೆಂಡತಿಯ ಕಡೆಯವರು. ಎರಡು ತಿಂಗಳು ರೋಗಿಯ ಪಕ್ಕ ನಿದ್ದೆಗೆಟ್ಟಿದ್ದ ಯರ್ಬಾನಿಗೂ ಅದೇ ಸರಿ ಎನ್ನಿಸಿತ್ತು. ಆಮೇಲೆ ಕಡಲದಂಡೆಯ ಊರು ತಿವಿಲಿತ್‌ನಿಂದ ಅಮ್ಮ ತಸ್ಲೆಮ್‌ಳ ಫೋನ್ ಬಂತು. ಅವಳು ಅಳಲಿಲ್ಲ. "ಮುಖ ತೋರಿಸಿಬಿಟ್ಟು ಎಲ್ಲಾದ್ರೂ ಹೂಳು" ಎಂದಳು ಅಷ್ಟೆ. ಈ ಮಾತುಕತೆಯಲ್ಲೇ ನೀರಿಳಿದ ಹೊತ್ತು ಕಳೆದುಹೋಗಿತ್ತು. ಡಾಂಬರು ರಸ್ತೆ ಇದ್ದದ್ದು ಒಳನಾಡಿನಲ್ಲಿ. ಅಲ್ಲಿಗೂ ಊರಿಗೂ ನಡುವೆ ಬರೀ ಮೆದು ಮರಳು. ದಂಡೆ ಬಿಟ್ಟರೆ ಗಾಡಿಗೆ ಬೇರೆ ದಾರಿ ಇರಲಿಲ್ಲ.

*

ಡಾಂಬರು ಬರುವ ಮೊದಲು ಉತ್ತರದ ನುವಾದಿಬುವಿನಿಂದ ನುವಾಕ್ಷೊತ್‌ಗೆ ಇದ್ದ ದಾರಿಯೆಂದರೆ ಮರುಭೂಮಿ, ಅದು ಮುಗಿದ ಮೇಲೆ ಈ ಕಡಲದಂಡೆ. ನೀರು ಇಳಿದಾಗ ಗಟ್ಟಿ ಮರಳಿನ ಒಂದು ಪಟ್ಟಿ ಬಿಟ್ಟುಕೊಡುತ್ತದೆ, ಉಬ್ಬರದಲ್ಲಿ ಅದನ್ನು ವಾಪಸು ತೆಗೆದುಕೊಳ್ಳುತ್ತದೆ. ಯರ್ಬಾನ ಅಪ್ಪ ಸ್ವೇಲೆಮ್ ಆ ಪಟ್ಟಿಯ ಮೇಲೆ ಗಾಡಿಗಳಿಗೆ ದಾರಿ ತೋರಿಸುವ ದಾರಿಕಾರ. ಸ್ವಂತ ಗಾಡಿ ಎಂದೂ ಇರಲಿಲ್ಲ, ಓಡಿಸಲೂ ಬರುತ್ತಿರಲಿಲ್ಲ. ಪರರ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಹಾಕಿ ನೊರೆ ನೋಡುತ್ತಿದ್ದ.

ಅವನಿಗಿಂತ ಚುರುಕಾದ ದಾರಿಕಾರರು ಬೇಕಾದಷ್ಟಿದ್ದರು. ಅಲೆ ಹಿಂದೆ ಸರಿದ ಕ್ಷಣದಲ್ಲಿ ಗಾಡಿ ಹಾರಿಸಿಕೊಂಡು ಹೋಗಿ ಶಹಬ್ಬಾಸ್ ಅನ್ನಿಸಿಕೊಳ್ಳುವವರು. ಅವರಲ್ಲಿ ಕೆಲವರ ಗಾಡಿಗಳು ಇವತ್ತಿಗೂ ಮರಳಿನಡಿ ತುಕ್ಕು ಹಿಡಿಯುತ್ತಿವೆ. ಸ್ವೇಲೆಮ್‌ಗೆ ಒಂದೇ ವಿದ್ಯೆ ಗೊತ್ತಿತ್ತು, ಕಾಯುವುದು. ಸ್ವಲ್ಪ ಅನುಮಾನ ಬಂದರೂ ಇಳಿದು, ಕಟ್ಟಿಗೆ ಹೊತ್ತಿಸಿ, ಚಹಾಕ್ಕೆ ಇಡುತ್ತಿದ್ದ. ಮೊದಲ ಲೋಟ, ಎರಡನೆಯದು, ಮೂರನೆಯದು. ಅಷ್ಟಕ್ಕೂ ನೀರು ಇಳಿಯದಿದ್ದರೆ ಹೊಸ ಸೊಪ್ಪು ಹಾಕಿ ಮತ್ತೆ ಮೊದಲಿನಿಂದ. ಒಮ್ಮೆ ಒಬ್ಬ ದೊಡ್ಡ ಅಧಿಕಾರಿ ಗಡಿಯಾರ ತೋರಿಸಿ ಗದರಿದಾಗ, "ನನಗಲ್ಲ ಸ್ವಾಮಿ, ಅದಕ್ಕೆ ತೋರಿಸಿ" ಎಂದು ಸಮುದ್ರದ ಕಡೆ ಗಲ್ಲ ಎತ್ತಿದ್ದ. ಜನ ಅವನನ್ನು ಪುಕ್ಕಲ ಎನ್ನುತ್ತಿದ್ದರು. ಅವನು ಇಲ್ಲವೆನ್ನುತ್ತಿರಲಿಲ್ಲ.

ಹೀಗೆ ಕಾಯುತ್ತ ಕೂತಿದ್ದ ಒಂದು ದಿನವೇ ಊರಲ್ಲಿ ಅವನ ಮಗಳಿಗೆ ಜ್ವರ ಏರಿ ಮೂರು ವರ್ಷದ ಆ ಕೂಸು ಹೋಯಿತು. ಅವನು ಬಂದಾಗ ಮಣ್ಣಾಗಿ ರಾತ್ರಿ ಕಳೆದಿತ್ತು. ತಸ್ಲೆಮ್ ಬಯ್ಯಲಿಲ್ಲ. ಕೈತೊಳೆಯಲು ನೀರು ಕೊಟ್ಟಳು, ಒಣಮೀನು ಬಡಿಸಿದಳು, ಒಂದು ವರ್ಷ ಅವನ ಜೊತೆ ಮಾತಾಡಲಿಲ್ಲ.

*

"ಫೋನ್ ಹತ್ತಿತು" ಎಂದ ಯರ್ಬಾ, ದಿಣ್ಣೆಯ ಮೇಲಿಂದ ಇಳಿಯುತ್ತ. "ಇಲ್ಲಿ ಸಿಕ್ಕಿಹಾಕ್ಕೊಂಡಿದೀವಿ ಅಂತ ಅಮ್ಮನಿಗೆ ಅಂದೆ. ಏನೂ ಹೇಳ್ದೆ ಇಟ್ಟುಬಿಟ್ಲು."

ದೆದ್ದಾ ಚಹಾಕ್ಕೆ ಇಟ್ಟಿದ್ದ. "ಕೂತ್ಕೋ. ಇಳಿತಕ್ಕೆ ಅರ್ಧರಾತ್ರಿ ಆಗುತ್ತೆ."

"ಅಲ್ಲೀವರೆಗೂ ಅಪ್ಪನ್ನ ಹೀಗೇ ಇಟ್ಕೊಂಡು ಕೂರೋದಾ?"

"ನಾವು ಇಟ್ಕೊಂಡು ಕೂತಿರೋದಲ್ಲ ಕಣೋ. ಅವನು ನಮ್ಮನ್ನ ಕೂರಿಸಿದಾನೆ." ದೆದ್ದಾ ನಕ್ಕ. ನಗು ಅರ್ಧಕ್ಕೇ ನಿಂತು, ಮುಂಗೈಯಿಂದ ಕಣ್ಣೊರೆಸಿಕೊಂಡ. "ಎಷ್ಟು ಸಲ ಬೈದಿದೀನಿ ಗೊತ್ತಾ ಇವನಿಗೆ? ಇದೇ ಜಾಗದಲ್ಲಿ. ಮೀನೆಲ್ಲ ಕೊಳೀತಾ ಇದೆ ನಡಿಯೋ ಅಂದ್ರೆ, ಇನ್ನೊಂದು ಲೋಟ ಕುಡಿ ಅನ್ನೋನು."

ಯರ್ಬಾ ಲೋಟ ಹಿಡಿದ, ಕುಡಿಯಲಿಲ್ಲ. ಅವನ ಕೆಲಸ ಡಾಂಬರಿನ ಮೇಲೆ ಮಿನಿಬಸ್ ಓಡಿಸುವುದು. ಅಪ್ಪ ಹಗಲು ರಾತ್ರಿ ಸೇರಿಸಿ ದಾಟಿಸುತ್ತಿದ್ದ ದೂರವನ್ನು ಅವನು ಬೆಳಗಿನ ತಿಂಡಿಗೆ ಹೊರಟು ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಿದ್ದ. ಮೈಯೆಲ್ಲ ಸೋತಿತ್ತು. ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು, ಸತ್ತವನ ಮೇಲೆ ಸಿಟ್ಟು ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

*

ಡಾಂಬರು ತೆರೆದ ವರ್ಷ ಸ್ವೇಲೆಮ್ ಅದನ್ನು ನೋಡಲು ಹೋಗಿದ್ದ. ಚಪ್ಪಲಿ ಕಳಚಿ ಅದರ ಮೇಲೆ ಸ್ವಲ್ಪ ದೂರ ನಡೆದು, "ಬಿಸಿ ಇದೆ" ಎಂದಿದ್ದ. ಆಮೇಲೆ ಅವನನ್ನು ಕರೆಯಲು ಯಾರೂ ಬರಲಿಲ್ಲ. ಹೊಟ್ಟೆಪಾಡು ನಡೆಯಬೇಕಲ್ಲ, ಅದೇ ರಸ್ತೆಯ ಪಕ್ಕ ಒಂದು ಪೆಟ್ರೋಲ್ ಬಂಕಿನಲ್ಲಿ ಕಾವಲಿಗೆ ಸೇರಿದ.

ಯರ್ಬಾ ಅಲ್ಲಿ ಬಸ್ಸು ನಿಲ್ಲಿಸಿದಾಗ, ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದ. ಹೊಸಬರು ಯಾರಾದರೂ ಗಾಡಿ ನಿಲ್ಲಿಸಿ ದಾರಿ ಕೇಳಿದರೆ ಎದ್ದು ನಿಂತು, ಪೇಟ ಸರಿಮಾಡಿಕೊಂಡು, ಕೈಯನ್ನು ಪೂರ್ತಿ ಚಾಚಿ, "ನೇರ ಹೋಗಿ" ಎನ್ನುತ್ತಿದ್ದ. ಡಾಂಬರಿನಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಏನೂ ಇರಲಿಲ್ಲ. ಬಸ್ಸಿನ ಜನ ನೋಡುತ್ತಾರೆಂದು ಯರ್ಬಾ ಅವನನ್ನು ಮಾತಾಡಿಸದೆ ಹೊರಟದ್ದೂ ಉಂಟು.

*

ಮೊದಲು ಕಂಡದ್ದು ದೆದ್ದಾನಿಗೆ. "ಯಾರೋ ಬರ್ತಾ ಇದಾರೆ" ಎಂದ.

ಉತ್ತರದ ಕಡೆಯಿಂದ, ದಿಣ್ಣೆಯ ಬುಡಕ್ಕೆ ಅಂಟಿಕೊಂಡು ಸಾಲಾಗಿ ಜನ ಬರುತ್ತಿದ್ದರು. ಗಾಡಿ ಹೂತುಹೋಗುವ ಆ ಮೆದು ಮರಳಿನಲ್ಲಿ ಮನುಷ್ಯರು ಏಗಿಕೊಂಡು ನಡೆಯಬಹುದು. ಎಲ್ಲರಿಗಿಂತ ಮುಂದೆ ಕಪ್ಪು ಸೀರೆಯಂಥ ಮಲ್ಹಫಾ ಸುತ್ತಿಕೊಂಡ ಹೆಂಗಸು, ತಸ್ಲೆಮ್. ಅವಳ ಹಿಂದೆ ಇಮಾಮರು ಏದುಸಿರು ಬಿಡುತ್ತಿದ್ದರು.

"ನಾವೇ ಬರ್ತೀವಿ, ನೀನು ಮನೇಲಿರಮ್ಮ ಅಂದ್ವಿ" ಎಂದರು ಇಮಾಮರು, ಬಂದವರೇ ತಪ್ಪೊಪ್ಪಿಕೊಳ್ಳುವವರಂತೆ. "ಕೇಳ್ಬೇಕಲ್ಲ."

ತಸ್ಲೆಮ್ ಯಾರ ಮುಖವನ್ನೂ ನೋಡದೆ ಗಾಡಿಯ ಹಿಂದಕ್ಕೆ ಹೋದಳು. ಯರ್ಬಾ ಹಗ್ಗ ಬಿಚ್ಚಿ, ಚಾಪೆ ಸರಿಸಿ, ಮುಖದ ಮೇಲಿನ ಬಟ್ಟೆ ತೆಗೆದ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕೈ ಬಟ್ಟೆಯ ಮೇಲೆ ಕೆಳಗೆ ಕೆಳಗೆ ಸವರಿಕೊಂಡು ಹೋಗಿ ಪಾದದ ಹತ್ತಿರ ನಿಂತಿತು.

"ಒದ್ದೆ ಆಗಿದೆಯಲ್ಲೋ."

"ನಾನೇ ಅಮ್ಮ. ಬೇಗ ಮುಟ್ಟಿಸೋಣ ಅಂತ ನೀರಿಗೆ ನುಗ್ಗಿಸ್ದೆ."

"ಹೋಗ್ಲಿ ಬಿಡು" ಎಂದಳು ತಸ್ಲೆಮ್. "ಒಬ್ಬರಾದ್ರೂ ಇವನನ್ನ ಅವಸರ ಮಾಡಿಸಿದ್ರಲ್ಲ."

ದೆದ್ದಾ ಮುಖ ತಿರುಗಿಸಿಕೊಂಡ. ಇಮಾಮರು ಕೆಮ್ಮಿ, "ಹೆಗಲು ಕೊಡಿ, ಹೊರೋಣ. ಊರಲ್ಲಿ ಕೂಸಿನ ಪಕ್ಕ ಜಾಗ ಅಗೆಸಿಟ್ಟಿದೀವಿ" ಎಂದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಆ ಮರಳಿನಲ್ಲಿ ಬರಿಗೈಯಲ್ಲಿ ಬಂದದ್ದಕ್ಕೇ ಅವರ ಕಾಲು ಬಿದ್ದುಹೋಗಿತ್ತು. ಆದರೂ ಇಬ್ಬರು ಮುಂದೆ ಬಂದರು.

"ಬೇಡ" ಎಂದಳು ತಸ್ಲೆಮ್.

"ಕೂಸಿನ ಪಕ್ಕ ಬೇಡ್ವಾ ಅಮ್ಮ?" ಯರ್ಬಾ ಅವಳ ಹತ್ತಿರ ಬಂದ. "ಸಾಯೋ ಮುಂಚೆ ಅಲ್ಲೇ ಹೂಳಿ ಅಂದಿದ್ದ. ನಾನು ನಿನಗೆ ಹೇಳಿರಲಿಲ್ಲ."

ಅವಳು ಅವನ ಮುಖದ ಮೇಲೆ ಬಟ್ಟೆಯನ್ನು ಮತ್ತೆ ಹೊದಿಸಿದಳು. ಗಾಡಿಯ ಅಂಚು ಹಿಡಿದು ನಿಂತಳು.

"ಅಂದನಾ? ಅನ್ಲಿ. ಹೊತ್ಕೊಂಡು ಹೋದ್ರೆ ಕತ್ತಲಾಗುತ್ತೆ, ಇವರು ಬೀಳ್ತಾರೆ, ಇವನನ್ನೂ ಬೀಳಿಸ್ತಾರೆ. ಕೂಸಿಗೆ ನಾನಿದೀನಿ, ನಾಳೆ ಸತ್ತ ಮೇಲೆ ನಾನು ಅದರ ಪಕ್ಕ ಮಲಗ್ತೀನಿ. ಬಾಗಿಲಲ್ಲಿ ಕೂತು ಈ ದಂಡೆ ನೋಡ್ಕೊಂಡೇ ನನ್ನ ವಯಸ್ಸು ಹೋಯ್ತು. ಇನ್ನು ಈ ರಾತ್ರೀನೂ ಅದೇ ನೋಡ್ಕೊಂಡು ಕೂರಕ್ಕೆ ನನ್ನ ಕೈಲಾಗಲ್ಲ ಮಗ. ನಾನೇ ಬಂದೆನಲ್ಲ. ಇಲ್ಲೇ ಆಗ್ಲಿ."

ಗಾಡಿ ಹೂತಾಗ ಬೇಕಾಗುತ್ತದೆಂದು ದೆದ್ದಾ ಇಟ್ಟುಕೊಂಡಿದ್ದ ಸಲಿಕೆ ಹೊರಬಂತು. ದಿಣ್ಣೆಯ ಮೇಲೆ, ಉಬ್ಬರ ಮುಟ್ಟದ ಕಡೆ ಸರದಿಯ ಮೇಲೆ ಅಗೆದರು. ಒಣ ಮರಳು ಜಾರಿ ಜಾರಿ ತುಂಬುತ್ತಿತ್ತು, ಮತ್ತೆ ಅಗೆದರು. ತನ್ನ ಸರದಿ ಬಂದ ಮೇಲೆ ಯರ್ಬಾ ಸಲಿಕೆ ಯಾರಿಗೂ ಬಿಟ್ಟುಕೊಡಲಿಲ್ಲ. ಕಡೆಗೆ ದೆದ್ದಾ ಅವನ ಕೈಯಿಂದ ಕಿತ್ತುಕೊಂಡ.

ಸೂರ್ಯ ನೀರಿಗೆ ತಾಗುವ ಹೊತ್ತಿಗೆ ದಿಣ್ಣೆಯ ಬುಡದಲ್ಲಿ ಸ್ವೇಲೆಮ್‌ನನ್ನು ಮಲಗಿಸಿ, ಇಮಾಮರು ಸತ್ತವನ ನಮಾಜಿಗೆಂದು, ಅಲ್ಲಿ ನಮಾಜಿನ ದಿಕ್ಕಾದ ಪೂರ್ವಕ್ಕೆ ಮುಖಮಾಡಿ ನಿಂತರು. ಅವರ ಹಿಂದೆ ಗಂಡಸರ ಸಾಲುಗಳು. ದಂಡೆ ಕಿರಿದಾಗುತ್ತಿತ್ತು. ಎಲ್ಲ ಸಾಲುಗಳ ಹಿಂದೆ, ಕಡಲಿಗೆ ಬೆನ್ನು ಕೊಟ್ಟು, ತಸ್ಲೆಮ್ ಒಬ್ಬಳೇ ನಿಂತಳು.

ಮೊದಲ ತಕ್ಬೀರ್, ಅಲ್ಲಾಹು ಅಕ್ಬರ್ ಎಂಬ ಇಮಾಮರ ಕೂಗು, ಆಯಿತು. ಎರಡನೆಯದಕ್ಕೆ ಒಂದು ಅಲೆ ಅವಳ ಹಿಮ್ಮಡಿಯವರೆಗೆ ಬಂದು ಹೋಯಿತು. ಮೂರನೆಯದಕ್ಕೆ ಬಂದ ನೀರು ಹಿಂದಿರುಗಲಿಲ್ಲ, ಅವಳ ಮಲ್ಹಫಾದ ಅಂಚನ್ನು ಎತ್ತಿ ಕಾಲ ಸುತ್ತ ಹರಡಿತು. ಅವಳ ಮುಂದಿನ ಸಾಲಿನವರು ಸದ್ದು ಕೇಳಿ ಒಂದು ಹೆಜ್ಜೆ ಮುಂದಕ್ಕೆ ಸರಿದುಕೊಂಡರು. ತಸ್ಲೆಮ್ ನಾಲ್ಕನೆಯ, ಕಡೆಯ ತಕ್ಬೀರಿಗೆ ಕಾಯುತ್ತ ಕೈಕಟ್ಟಿ ನಿಂತಲ್ಲೇ ನಿಂತಿದ್ದಳು, ನೀರು ಅವಳ ಮೊಣಕಾಲಿಗೆ ಏರುತ್ತಿತ್ತು.