ಅಕ್ಕ ಉಳಿಸಿಟ್ಟ ಸೋರಿಕೆ

ಒದ್ದೆ ಬಟ್ಟೆಯಿಂದ ಎಷ್ಟು ತಿಕ್ಕಿದರೂ ಅಕ್ಕನ ಉಗುರು ಸಂದಿಯ ಗ್ರೀಸು ಬಿಡುತ್ತಲೇ ಇಲ್ಲ. ತಂಗಿ ಇನ್ನೊಂದು ಸಲ ಬಟ್ಟೆ ಹಿಂಡಿದಳು.

"ಸಾಕು ಬಿಡಮ್ಮಾ," ಅಂದರು ಭಾವ. "ಮದುವೆ ದಿನಾನೂ ಅದು ಹೋಗಿರ್ಲಿಲ್ಲ."

ಯಾರೋ ಕಿಸಕ್ಕನೆ ನಕ್ಕು, ತಟಕ್ಕನೆ ಬಾಯಿ ಮುಚ್ಚಿಕೊಂಡರು.

ಅಕ್ಕ ನೀರು ಸರಬರಾಜು ಕಚೇರಿಯ ಪ್ಲಂಬರು. ಪೈಪಿಗೆ ಕಬ್ಬಿಣದ ಸರಳು ತಾಗಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು, ನೆಲದಡಿ ಎಲ್ಲಿ ಸೋರುತ್ತಿದೆ ಅಂತ ಹೇಳಿಬಿಡುತ್ತಿದ್ದಳು. ಈಗ ಇಲ್ಲೇ, ತಲೆದೆಸೆಯಲ್ಲಿ ಹಚ್ಚಿಟ್ಟ ದೀಪದ ಪಕ್ಕ, ಕಣ್ಣು ಮುಚ್ಚಿ ಮಲಗಿದ್ದಾಳೆ. ನೋಡಿದರೆ ಎಲ್ಲೋ ದೂರದ ಪೈಪನ್ನು ಆಲಿಸುತ್ತಿರುವ ಹಾಗೇ ಇದೆ. ಕಿಟಕಿಯ ಬೆಳಕು ಗೋಡೆ ಮೇಲೆ ನೀರಿನಂತೆ ಅಲುಗುತ್ತಿತ್ತು. ತಂಗಿಗೆ ಇದೆಲ್ಲ ನಿದ್ದೆಯೋ ಎಚ್ಚರವೋ ಗೊತ್ತಾಗಲೊಲ್ಲದು.

ಅಷ್ಟರಲ್ಲಿ ಪಂಪಣ್ಣ ಬಂದ. ಪಂಪ್‌ಹೌಸ್ ನೋಡಿಕೊಳ್ಳುವವನಾದ್ದರಿಂದ ಆ ಹೆಸರು. ಅತ್ತು ಅತ್ತು ಮುಖ ಊದಿತ್ತು, ಆದರೂ ಅದರಲ್ಲೇನೋ ಹೆಮ್ಮೆ.

"ಮೇಡಂ, ನಾವು ಹೂವು ತರ್ಲಿಲ್ಲ. ಅದಕ್ಕಿಂತ ದೊಡ್ಡದು ಮಾಡಿದೀವಿ. ಪಂಪ್‌ಹೌಸ್ ಹಿಂದ್ಗಡೆ ಸೋರ್ತಿತ್ತಲ್ಲ, ಅಕ್ಕನ ಕೈಗೆ ಬಗ್ಗದೇ ಇದ್ದ ಒಂದೇ ಒಂದು ಕೆಲಸ? ಬೆಳಗ್ಗೆನೇ ಎಲ್ಲ ಸೇರಿ ಬಿಗಿ ಮಾಡ್ಬಿಟ್ವಿ. ಒಂದು ಹನಿ ಬೀಳಲ್ಲ ಈಗ. ಅಕ್ಕ ನೆಮ್ಮದಿಯಾಗಿ ಹೋಗ್ಲಿ."

ತಂಗಿಯ ಕೈಯಿಂದ ಬಟ್ಟೆ ಜಾರಿತು.

*

ವರ್ಷಗಳ ಹಿಂದೆ ಆ ಸೋರಿಕೆಯ ಕೆಳಗೆ, ಸುಣ್ಣದ ಗೋಡೆಯಲ್ಲಿ, ಆ ಗಿಡವನ್ನು ಮೊದಲು ಕಂಡವಳು ತಂಗಿಯೇ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಅಕ್ಕನಿಗೆ ಊಟದ ಡಬ್ಬಿ ಕೊಡಲು ಹೋಗಿ, ಡಬ್ಬಿ ಮರೆತು, ಮಂಡಿಯೂರಿ ಕೂತುಬಿಟ್ಟಿದ್ದಳು. ಹಾವಸೆ ಗಿಡ ಅದು, ಪಾಚಿಯಂತೆ ಒದ್ದೆಯಲ್ಲೇ ಬದುಕುವಂಥದ್ದು. ಗೋಡೆಗಂಟಿದ ತೆಳ್ಳನೆ ಹಸಿರು ನಾಲಗೆಗಳು, ಅಷ್ಟೇ. ಓರೆಗಣ್ಣಲ್ಲಿ ನೋಡಿದರೆ ಮಾತ್ರ ಹೊನ್ನಿನ ಹೊಳಪು. ಇದೇ ನೆಲದಲ್ಲಿ ಹುಟ್ಟಿದ ಗಿಡ, ಅಳಿದೇ ಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು.

"ಇದಕ್ಕೆ ನೀರು ನಿಂತ್ರೆ?" ಅಕ್ಕ ಸ್ಪ್ಯಾನರ್ ಹಿಡಿದೇ ಕೇಳಿದ್ದಳು.

"ಸಂಜೆಯೊಳಗೆ ಸುರುಟಿಹೋಗುತ್ತೆ. ಆಮೇಲೆ ಎಲ್ಲೂ ಇಲ್ಲ, ಅಕ್ಕಾ."

ಮನೆಯ ನಲ್ಲಿ ತೊಟ್ಟಿಕ್ಕಿದರೆ ತುತ್ತು ಬಿಟ್ಟು ಏಳುವ ಅಕ್ಕ ಸ್ಪ್ಯಾನರನ್ನು ಚೀಲಕ್ಕೆ ಹಾಕಿಬಿಟ್ಟಳು.

"ಬೇಕಂತ ಬಿಟ್ಟೆ ಅಂತ ಗೊತ್ತಾದ್ರೆ ಮೆಮೋ ಕೊಡ್ತಾರೆ. ರಿಪೇರಿ ಮಾಡೋಕೆ ಬರಲ್ಲ ಅಂದ್ರೆ ಬರೀ ನಗ್ತಾರೆ. ನಗ್ಲಿ ಬಿಡು."

ನಕ್ಕರು. ವರ್ಷಗಟ್ಟಲೆ ನಕ್ಕರು. ಪಂಪಣ್ಣನಂತೂ ಹಾಡೇ ಕಟ್ಟಿದ: ಊರೆಲ್ಲ ಬಗ್ಗುತ್ತೆ ಅಕ್ಕಂಗೆ, ಪಂಪ್‌ಹೌಸ್ ಬಗ್ಗಲ್ಲ ಅಕ್ಕಂಗೆ! ಇತ್ತ ತಂಗಿ ಕಾಲೇಜಿನ ಗಾಜಿನ ಡಬ್ಬಿಯಲ್ಲಿ ಗಿಡ ಬೆಳೆಸಲು ಒದ್ದಾಡಿದಳು. ಪ್ರತಿ ಸಲವೂ ಕಪ್ಪಾಯಿತು. ಆ ಗೋಡೆಯೇ ಬೇಕು, ಆ ಹನಿಯೇ ಬೇಕು ಅದಕ್ಕೆ. ಅಕ್ಕ ಬೇಸಿಗೆಯಲ್ಲಿ ನಟ್ಟು ಕೂದಲೆಳೆಯಷ್ಟು ಸಡಿಲಿಸುವಳು, ಮಳೆಗಾಲದಲ್ಲಿ ಅಷ್ಟೇ ಬಿಗಿಯುವಳು. ಮನೆಗೆ ಬಂದು ಕೈ ತೊಳೆಯುತ್ತಾ ಹೇಳುವಳು, "ನಿನ್ನ ಮಗಳಿಗೆ ನೀರು ಕುಡಿಸಿ ಬಂದೆ ಕಣೇ."

*

"ಪಂಪಣ್ಣ, ಅದನ್ನ ಬಿಚ್ಚಬೇಕು. ಈಗಲೇ."

"ಏನ್ ಮೇಡಂ, ಸ್ಮಶಾನದ ಗಾಡಿ ಬರೋ ಹೊತ್ತಲ್ಲಿ..."

ತಂಗಿ ಅಕ್ಕನ ಮುಖ ನೋಡಿದಳು. ಇನ್ನು ಯಾರು ಮೆಮೋ ಕೊಡುತ್ತಾರೆ ಅವಳಿಗೆ? ಎಲ್ಲರೆದುರೇ ಹೇಳಿಬಿಟ್ಟಳು. "ಅಕ್ಕಂಗೆ ಬರ್ತಿತ್ತು. ಎರಡು ನಿಮಿಷದ ಕೆಲಸ. ನನ್ನ ಗಿಡಕ್ಕೋಸ್ಕರ ಬಿಟ್ಟಿದ್ಲು."

ಪಂಪಣ್ಣ ಪಿಳಿಪಿಳಿ ಕಣ್ಣು ಬಿಟ್ಟ. "ಅಂದ್ರೆ ನಾನು ಆ ಹಾಡು ಹೇಳ್ತಿದ್ದಾಗೆಲ್ಲ..."

"ಮನೇಲೂ ಅದನ್ನೇ ಹಾಡ್ತಿದ್ಲು. ರಾಗ ಚೆನ್ನಾಗಿದೆ ಅಂತಿದ್ಲು."

ಅವನಿಗೆ ನಗು ಬಂತೋ ಅಳು ಬಂತೋ, ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಭಾವ ಎದ್ದು ಬಾಗಿಲ ಹಿಂದಿನಿಂದ ಅಕ್ಕನ ಚೀಲ, ಸರಳು ಎರಡನ್ನೂ ತಂದರು. "ಹೋಗಿ. ನಾನು ಅವಳನ್ನ ಕರ್ಕೊಂಡು ಆ ಕಡೆಯಿಂದಲೇ ಬರ್ತೀನಿ. ಅರ್ಧ ಕೆಲಸ ಬಿಟ್ಟು ಯಾವತ್ತು ಹೊರಟಿದಾಳೆ ಅವಳು?"

ಪಂಪ್‌ಹೌಸ್ ಹಿಂದೆ ಗೋಡೆ ಆಗಲೇ ಬಿಳಚಿಕೊಂಡಿತ್ತು. ಹಸಿರು ನಾಲಗೆಗಳ ಅಂಚು ಒಳಮುದುರಿತ್ತು. ಪಂಪಣ್ಣ ನಟ್ಟು ತಿರುಗಿಸಿದ. ಬುಸ್ಸನೆ ನೀರು ಚಿಮ್ಮಿತು.

"ಅಯ್ಯೋ, ಕೊಚ್ಚಿಹೋಗುತ್ತೆ!"

ಬಿಗಿದ. ಪೂರ್ತಿ ನಿಂತಿತು.

"ಅಕ್ಕ ಎಷ್ಟು ಬಿಡ್ತಿದ್ರು, ಮೇಡಂ?"

ತಂಗಿಗೆ ಗೊತ್ತಿಲ್ಲ. ಅದು ಅಕ್ಕನ ಮಣಿಕಟ್ಟಿಗೆ ಮಾತ್ರ ಗೊತ್ತಿತ್ತು. ಅವಳು ಸರಳನ್ನು ಪೈಪಿಗೆ ತಾಗಿಸಿ ಕಿವಿಯಿಟ್ಟು ಕಣ್ಣು ಮುಚ್ಚಿದಳು. ಒಳಗೆ, ದೂರದಲ್ಲಿ, ಪಕ್ಕದಲ್ಲಿ ಮಲಗಿದವರ ಉಸಿರಿನಂಥ ಸದ್ದು. ಚಿಕ್ಕಂದಿನಲ್ಲಿ ಒಂದೇ ಹೊದಿಕೆಯಡಿ ಕೇಳುತ್ತಿದ್ದ ಸದ್ದು.

"ಇನ್ನೊಂಚೂರು... ಇನ್ನೊಂದು ಕೂದಲೆಳೆ... ಸಾಕು."

ಗೇಟಿನ ಬಳಿ ಗಾಡಿ ಬಂದು ನಿಂತಿತು. ಭಾವ ಅದರ ಹಿಂದಿನ ಬಾಗಿಲು ತೆರೆದಿಟ್ಟರು.

ಪೈಪಿನ ತುದಿಯಲ್ಲಿ ಒಂದು ಹನಿ ಉಬ್ಬುತ್ತಾ ಬಂತು. ಅದರೊಳಗೆ ಗೋಡೆ, ಗೇಟು, ಬಾಗಿಲು ತೆರೆದ ಗಾಡಿ ಎಲ್ಲ ತಲೆಕೆಳಗಾಗಿ ತೂಗಿತು. ತೂಗಿ, ತೂಗಿ, ಬಿತ್ತು. ಮುದುರಿದ ಒಂದು ನಾಲಗೆ ಬಾಗಿ ಎದ್ದಾಗ ಅದರ ಅಂಚಿನಲ್ಲಿ ಹೊನ್ನು ಮಿನುಗಿತು.

ತಂಗಿ ಸರಳಿನಿಂದ ಕಿವಿ ತೆಗೆಯಲಿಲ್ಲ. ಇನ್ನೊಂದು ಹನಿಗಾಗಿ ಬೆರಳೆತ್ತಿ ಕಾದಳು.