ಅಪ್ಪನ ಹನ್ನೊಂದು ಹೆಜ್ಜೆ

ಅಜ್ಜನ ಎಡಗೈ ಸತ್ತಿದೆ ಎಂದು ಮೊದಲು ಹೇಳಿದ್ದು ನಿರ್ದೇಶಕ. ಮಂಗಳವಾರ ಬೆಳಿಗ್ಗೆ ಅರ್ಧ ಲೋಟ ಕಾಫಿ ಹಿಡಿದು ಅವಳ ಕುರ್ಚಿಯ ಹಿಂದೆ ಬಂದು ನಿಂತವನು, ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತಿದ್ದ, ಅವಳೇ ಬರೆದ ಅಂಚೆಯ ಅಜ್ಜನನ್ನು ಮೂರು ಸಲ ನೋಡಿದ. ನಾಲ್ಕನೆಯ ಸಲಕ್ಕೆ ಮೂಗು ಮುರಿದ.

"ಬಲಗೈ ಚೆನ್ನಾಗಿ ಬೀಸ್ತಿದೆ. ಎಡಗೈ ನೋಡು, ಗೂಟಕ್ಕೆ ತಗುಲಿಹಾಕಿದ ಅಂಗಿ ಥರ ಸುಮ್ನೆ ನೇತಾಡ್ತಿದೆ. ಇನ್ನೊಂದ್ಸಲ."

ಇನ್ನೊಂದ್ಸಲ ಎನ್ನದಿದ್ದರೆ ಆತನಿಗೆ ಉಸಿರೇ ಆಡುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಆತನನ್ನು ಕರೆಯುತ್ತಿದ್ದುದೂ ಅದೇ ಹೆಸರಿನಿಂದ.

ಅನಿಮೇಷನ್ ಸ್ಟುಡಿಯೋ ಎಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಔಷಧಿ ಅಂಗಡಿಯ ಮೇಲೆ ಎರಡು ಕೋಣೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಕಿರಿದಾದ ಒಂದು ಪಡಸಾಲೆ, ಅದರ ಕೊನೆಯಲ್ಲಿ ಆಳೆತ್ತರದ ಕನ್ನಡಿ, ಒಟ್ಟು ನಾಲ್ಕು ಜನ. ಚಿತ್ರವನ್ನು ಅಲ್ಲಾಡಿಸುವವರು ಮೊದಲು ತಾವೇ ಅಲ್ಲಾಡಿ ನೋಡಬೇಕು. ಹೀಗಾಗಿ ಆ ಕನ್ನಡಿಯ ಮುಂದೆ ಯಾವಾಗಲೂ ಯಾರಾದರೊಬ್ಬರು ಸೀನುತ್ತಲೋ, ಜಾರಿ ಬೀಳುತ್ತಲೋ, ಇಲ್ಲದ ಬೆಕ್ಕನ್ನು ಓಡಿಸುತ್ತಲೋ ಇರುತ್ತಿದ್ದರು. ನೀರಿನ ಕ್ಯಾನ್ ತರುವವನು ಮೊದಲನೆಯ ವಾರವೇ ಇವರ ಅವತಾರ ನೋಡಿ, ಆಮೇಲೆ ಕ್ಯಾನನ್ನು ಬಾಗಿಲಲ್ಲೇ ಇಟ್ಟು ಹೋಗುವುದನ್ನು ರೂಢಿ ಮಾಡಿಕೊಂಡ.

ಅವಳ ಪಾಲಿನದು ನಡಿಗೆ. ಆರು ವರ್ಷದಲ್ಲಿ ಬಾತುಕೋಳಿಯನ್ನು ನಡೆಸಿದ್ದಳು, ಕಳ್ಳನನ್ನು ನಡೆಸಿದ್ದಳು, ತುಂಬು ಬಸುರಿಯನ್ನೂ ಮೂರು ಕಾಲಿನ ಮೇಜನ್ನೂ ನಡೆಸಿದ್ದಳು. ಬೀದಿಯಲ್ಲಿ ಎದುರಾದವರ ಮುಖ ಅವಳಿಗೆ ನೆನಪಿರುತ್ತಿರಲಿಲ್ಲ, ಹಿಮ್ಮಡಿ ಊರುವ ರೀತಿ ನೆನಪಿರುತ್ತಿತ್ತು. ಈಗ ಕೈಯಲ್ಲಿದ್ದದ್ದು ಎಂಟು ನಿಮಿಷದ ಚಿತ್ರ. ಕೆಲಸದ ಕೊನೆಯ ದಿನ ಕಾಗದ ಹಂಚಲು ಹೊರಟ ಅಂಚೆಯವನೊಬ್ಬ ಎಂಟು ನಿಮಿಷವೂ ನಡೆಯುತ್ತಲೇ ಇರುತ್ತಾನೆ. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ಬರೆಯಬೇಕು. ವಯಸ್ಸಾದವರ ನಡಿಗೆಯನ್ನು ತಾನು ಕನ್ನಡಿಯ ಮುಂದೆ ಆಡಿದರೆ ಶಾಲೆಯ ನಾಟಕದ ಹಾಗೆ ಕಾಣುತ್ತದೆಂದು, ಹೋದ ವಾರ ಅಪ್ಪನನ್ನೇ ನಡೆಸಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದಳು. ಅಪ್ಪನದು ಟೈಲರ್ ಅಂಗಡಿ. ಅಂಗಡಿಯ ಮುಂದೆ ಈ ಮೂಲೆಯಿಂದ ಆ ಮೂಲೆಗೆ ಹನ್ನೊಂದು ಹೆಜ್ಜೆ. ಆ ಹನ್ನೊಂದು ಹೆಜ್ಜೆಯನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ, ನೋಡಿ ನೋಡಿ, ಅಂಚೆಯ ಅಜ್ಜನನ್ನು ಬರೆದಿದ್ದಳು.

ಎಡಗೈ ಸತ್ತಿದೆಯೆಂದರೆ ತಾನೇ ಎಲ್ಲೋ ಎಡವಿರಬೇಕು ಎಂದುಕೊಂಡಳು. ಇದಕ್ಕೆ ಆ ಕಸುಬಿನಲ್ಲಿ ಒಂದು ಸುಲಭದ ಮದ್ದಿದೆ. ಬಲಗೈಯ ಚಿತ್ರಗಳನ್ನೇ ತಿರುಗಿಸಿ, ಒಂದು ಹೆಜ್ಜೆಯಷ್ಟು ಹಿಂದೆಮುಂದೆ ಮಾಡಿ, ಎಡಗಡೆಗೆ ಅಂಟಿಸಿಬಿಡುವುದು. ಇಪ್ಪತ್ತು ನಿಮಿಷದ ಕೆಲಸ. ಅಜ್ಜ ಎರಡೂ ಕೈ ಬೀಸಿಕೊಂಡು ಜಮೀನ್ದಾರನ ಹಾಗೆ ಹೊರಟ. ನಿರ್ದೇಶಕ ನೋಡಿ ತಲೆಯಾಡಿಸಿದ. ಶುಕ್ರವಾರ ಚಿತ್ರ ಒಪ್ಪಿಸಬೇಕಿತ್ತು, ಆತನಿಗೂ ಅವಸರವಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪಕ್ಕದಲ್ಲಿ ಬಣ್ಣದಕ್ಕ ಕೂತಿದ್ದಳು. ಚಿತ್ರಗಳಿಗೆ ಬಣ್ಣ ತುಂಬುವವಳು, ಐವತ್ತು ದಾಟಿದವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಅಂಗಿಯ ತೋಳಿನ ನೆರಳು ಎಲ್ಲಿ ಬೀಳುತ್ತದೆಂದು ನೋಡಲು ಅಪ್ಪನ ವಿಡಿಯೋ ತೆರೆದವಳು, ಅದನ್ನೇ ಮತ್ತೆ ಎರಡು ಸಲ ಹಾಕಿ ನೋಡಿದಳು.

"ನಿಂದೇನೂ ತಪ್ಪಿರ್ಲಿಲ್ಲ ಕಣೆ," ಎಂದಳು ಕೊನೆಗೆ. "ನಿಮ್ಮಪ್ಪ ನಡೆದಿರೋದೇ ಹಾಗೆ."

ಅವಳು ಕುರ್ಚಿ ಎಳೆದುಕೊಂಡು ನೋಡಿದಳು. ಬಲಗೈ ಹೋಗಿ ಬರುತ್ತಿತ್ತು. ಎಡಗೈ ಮೊಣಕೈಯಲ್ಲಿ ತುಸು ಮಡಚಿಕೊಂಡು, ಹೆಬ್ಬೆರಳು ತೋರುಬೆರಳಿಗೆ ಅಂಟಿ, ಹನ್ನೊಂದು ಹೆಜ್ಜೆಯೂ ಇದ್ದಲ್ಲೇ ಇತ್ತು.

"ನಮ್ಮ ಮಾವನೋರಿಗೂ ಶುರುವಾಗಿದ್ದು ಹೀಗೇ," ಎಂದಳು ಬಣ್ಣದಕ್ಕ, ದನಿ ಇಳಿಸಿ. "ಮೊದ್ಲು ಒಂದು ಕೈ ಬೀಸೋದು ನಿಂತೋಯ್ತು. ವಯಸ್ಸಾಯ್ತಲ್ಲ ಅಂತ ನಾವೂ ಬಿಟ್ವಿ. ಆಮೇಲೆ ನಡುಕ ಬಂತು, ಆಮೇಲೆ ಕಾಲು ಏಳ್ಲಿಲ್ಲ. ಎರಡು ವರ್ಷ ಮುಂಚೆ ಕರ್ಕೊಂಡು ಬಂದಿದ್ರೆ ಮಾತ್ರೇಲಿ ಹಿಡಿದಿಡಬಹುದಿತ್ತಲ್ಲಮ್ಮ ಅಂದ್ರು ಡಾಕ್ಟ್ರು. ಏನೂ ಇಲ್ದೇನೂ ಇರಬಹುದು. ಆದ್ರೂ ಒಂದ್ಸಲ ತೋರಿಸ್ಬಿಡು."

ಟೈಲರನಿಗೆ ಬಲಗೈ ಕತ್ತರಿ ಹಿಡಿಯುತ್ತದೆ, ಬಟ್ಟೆ ಹಿಡಿಯುವುದು ಎಡಗೈ. ಬಟ್ಟೆ ಹಿಡಿಯುವ ಕೈ ಹೋದರೆ ಅಪ್ಪನಿಗೆ ಅಂಗಡಿ ಹೋದಂತೆ, ಅಂಗಡಿ ಹೋದರೆ ಅಪ್ಪನಲ್ಲಿ ಉಳಿಯುವುದೇನು? ಅದಕ್ಕಿಂತ ಅವಳನ್ನು ಚುಚ್ಚಿದ್ದು ಬೇರೆ. ಆ ಕೈಯನ್ನು ಅವಳು ನೋಡಿರಲಿಲ್ಲವೆಂದೇನೂ ಇಲ್ಲ. ಎಂಟು ದಿನ ಅದನ್ನೇ ನೋಡಿದ್ದಳು, ನೂರಾರು ಸಲ ಬರೆದಿದ್ದಳು, ಒಂದು ಗೆರೆಯೂ ತಪ್ಪದಂತೆ ಬರೆದಿದ್ದಳು. ಬರೆದದ್ದು ಏನೆಂದು ತಲೆಗೆ ಹೋಗಿರಲಿಲ್ಲ. ಸಾಲದ್ದಕ್ಕೆ ಅದನ್ನು ತನ್ನ ತಪ್ಪೆಂದುಕೊಂಡು ಇಪ್ಪತ್ತು ನಿಮಿಷದಲ್ಲಿ ಸರಿಮಾಡಿಯೂ ಬಿಟ್ಟಿದ್ದಳು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕೋಣೆಗೆ ತಿರುಗಿದಳು. ಕನ್ನಡಿಯ ಮುಂದೆ ನಿಂತು ತನ್ನ ಎಡಗೈ ಬೀಸಿ ನೋಡಿಕೊಂಡಳು. ಕಿಟಕಿಯಿಂದ ಕೆಳಗೆ ಬಗ್ಗಿ, ಹೋಗಿಬರುವವರ ಎಡಗೈಗಳನ್ನು ಎಣಿಸಿದಳು. ಚೀಲ ಹಿಡಿದವರ ಕೈ ಬೀಸುವುದಿಲ್ಲ, ಫೋನ್ ಹಿಡಿದವರದೂ ಇಲ್ಲ, ಮಗುವಿನ ಕೈ ಹಿಡಿದವಳದೂ ಇಲ್ಲ. ಲೆಕ್ಕ ಹಾಕಿದರೆ ಅರ್ಧ ಬೀದಿಗೇ ಕಾಯಿಲೆ. ಅಪ್ಪನಿಗೂ ಹಾಗೇ ಇರಬಹುದು, ಕ್ಯಾಮೆರಾ ಕಂಡು ಬಿಗಿದುಕೊಂಡಿರಬಹುದು, ಅಂಗೈಯಲ್ಲಿ ಸೀಮೆಸುಣ್ಣದ ಚೂರೊಂದು ಇದ್ದಿರಬಹುದು. ಇರಬಹುದು ಎನ್ನುವುದಕ್ಕೆ ಕೊನೆಯುಂಟೇ?

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದಂತೆಯೇ ಬಿಟ್ಟು ಅಂಗಡಿಗೆ ಓಡಿದಳು. ಹತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಅಪ್ಪನ ಮುಖ ಕಂಡದ್ದೇ ತಡ, ಬಾಯಿಗೆ ಬಂದದ್ದು ಬೇರೆಯೇ ಮಾತು.

"ಅಪ್ಪ, ಇನ್ನೊಂದು ಸಲ ನಡೀತೀಯಾ? ವಿಡಿಯೋಗೆ."

ಅಪ್ಪ ಕನ್ನಡಕವನ್ನು ಹಣೆಗೆ ಏರಿಸಿದ. "ಮೊದಲ್ನೇದು ಸರಿ ಬರ್ಲಿಲ್ವಾ?"

"ಬೆಳಕು ಕಮ್ಮಿಯಾಗಿತ್ತು."

ಹೋದ ವಾರ ನೆತ್ತಿ ಸುಡುವ ಬಿಸಿಲಿತ್ತು. ಅಪ್ಪ ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಅಳತೆ ತೆಗೆಯುವ ಮುಂಚೆ ಗಿರಾಕಿಯನ್ನು ಹಾಗೆ ನೋಡುವುದು ಅವನ ಅಭ್ಯಾಸ.

"ಎರಡು ನಿಮಿಷ ಇರು," ಎಂದು ಟ್ರಯಲ್ ರೂಮಿನ ಪರದೆಯ ಹಿಂದೆ ಹೋದ. ಅಲ್ಲಿನ ಕನ್ನಡಿಯಲ್ಲಿ ಕೂದಲು ಬಾಚಿಕೊಳ್ಳುತ್ತಿರಬೇಕೆಂದು ಅವಳು ಫೋನ್ ಹಿಡಿದು ಬೀದಿಯಲ್ಲಿ ನಿಂತಳು. ಹೊರಗೆ ಬಂದವನು ಮೂಲೆಯಿಂದ ನಡೆದ. ಎಡಗೈ ಬೀಸಿತು. ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಅವಳಿಗೆ ಹೋದ ಜೀವ ಬಂದಂತಾಯಿತು. "ಸಾಕು ಅಪ್ಪ, ಸಾಕು," ಎಂದು ನಗುತ್ತಾ ಹಿಂತಿರುಗಿ ಓಡಿದಳು. ಆ ನಗುವಿನಲ್ಲಿ ಅಪ್ಪನ ಮುಖವನ್ನು ನೋಡುವುದು ಮರೆತಳು.

"ಏನೂ ಇಲ್ಲ, ನೋಡು," ಎಂದು ಬಣ್ಣದಕ್ಕನ ಮೂಗಿನ ಮುಂದೆ ಫೋನ್ ಹಿಡಿದಳು. ಬಣ್ಣದಕ್ಕ ನೋಡಿ, "ಅಬ್ಬಾ, ಸದ್ಯ," ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಇಬ್ಬರೂ ಒಂದೊಂದು ಬಾಳೆಹಣ್ಣು ತಿಂದರು.

ಇಷ್ಟಾದ ಮೇಲೆ ಸುಮ್ಮನಿರಬೇಕಿತ್ತು. ಆದರೆ ಕಸುಬಿನ ಚಾಳಿ ಬಿಡಬೇಕಲ್ಲ. ವಿಡಿಯೋವನ್ನು ಕಂಪ್ಯೂಟರಿಗೆ ಹಾಕಿ, ಒಂದೊಂದೇ ಚಿತ್ರ ನಿಲ್ಲಿಸುತ್ತಾ ಹೋದಳು. ಮೂರನೆಯ ಹೆಜ್ಜೆಗೆ ಬರುವಷ್ಟರಲ್ಲಿ ಬಾಯಲ್ಲಿದ್ದ ಬಾಳೆಹಣ್ಣಿನ ರುಚಿ ಹೋಯಿತು.

ಈ ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ಒಂದು ತಪ್ಪು ಮಾಡುತ್ತಾರೆ. ಕೈಯನ್ನು ಕೈಯೇ ಬೀಸುತ್ತದೆ ಎಂದುಕೊಳ್ಳುತ್ತಾರೆ. ಮನುಷ್ಯ ಕೈ ಬೀಸುವುದೇ ಇಲ್ಲ, ಕಾಲು ನಡೆಯುತ್ತದೆ, ಸೊಂಟ ತಿರುಗುತ್ತದೆ, ಭುಜ ಅದಕ್ಕೆ ಎದುರಾಗಿ ತಿರುಗುತ್ತದೆ, ಕೈ ಎಲ್ಲರಿಗಿಂತ ಹಿಂದೆ ಸೋಮಾರಿಯ ಹಾಗೆ ಬರುತ್ತದೆ. ಮಣಿಕಟ್ಟು ಕೈಗಿಂತಲೂ ತಡವಾಗಿ ಬರುತ್ತದೆ. ಇದನ್ನು ಅವಳೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಳು. ಇಲ್ಲಿ ಅಪ್ಪನ ಎಡಗೈ ಕಾಲಿಗಿಂತ ಎರಡು ಚಿತ್ರ ಮೊದಲೇ ಹೊರಟಿತ್ತು. ಭುಜ ಕದಲಿರಲಿಲ್ಲ. ಮಣಿಕಟ್ಟು ಕಡ್ಡಿಯ ಹಾಗಿತ್ತು. ಪ್ರತಿ ಹೆಜ್ಜೆಗೂ ಅಪ್ಪ ಆ ಕೈಯನ್ನು ಹಿಡಿದು ತಳ್ಳುತ್ತಿದ್ದ ಹಾಗಿತ್ತು, ತುಟಿಯನ್ನು ಬಿಗಿಯಾಗಿ ಕಚ್ಚಿಕೊಂಡಿದ್ದ.

ಬೇಕೆಂದೇ ಬೀಸಿದ ಕೈ. ಅಂದರೆ ಅಪ್ಪನಿಗೆ ಗೊತ್ತು.

ಅವಳು ಎದ್ದಳು. ಬಾಗಿಲಲ್ಲಿ ನಿರ್ದೇಶಕ ಅಡ್ಡ ಬಂದ. "ಎಲ್ಲಿಗೆ? ಮೆಟ್ಟಿಲು ಹತ್ತೋ ಶಾಟ್ ಇನ್ನೂ ಬಾಕಿ ಇದೆ. ಶುಕ್ರವಾರ ಯಾವಾಗ ಅಂತ ಗೊತ್ತಲ್ಲ?"

"ಅಪ್ಪನಿಗೆ ಹುಷಾರಿಲ್ಲ ಸರ್."

ಬೆಳಗಿನಿಂದ ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆಡಿದ ಮೇಲೆ ಅದು ನಿಜವೇ ಆಗಿಹೋಯಿತೆನಿಸಿ ಕಣ್ಣು ತುಂಬಿತು. ನಿರ್ದೇಶಕ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ.

ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಯಂತ್ರ ಓಡುತ್ತಿರಲಿಲ್ಲ. ಎಡಗೈ ತೊಡೆಯ ಮೇಲಿತ್ತು.

"ಮತ್ತೆ ನಡೀಬೇಕಾ?" ಎಂದ.

"ಬೇಡ." ಅವಳು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. "ಯಾವಾಗಿಂದ ಅಪ್ಪ?"

ಯಾವುದು ಎಂದು ಅವನು ಕೇಳಲಿಲ್ಲ. "ಏಳೆಂಟು ತಿಂಗಳಾಯ್ತು. ಬಟ್ಟೆ ಹಿಡಿದ್ರೆ ಜಾರುತ್ತೆ. ಕೋಟು ಒಪ್ಕೊಳ್ಳೋದು ಬಿಟ್ಟೆ. ಈಗ ಬರೀ ದಿಂಬಿನ ಕವರು, ಪರದೆ, ಇಂಥವೇ."

"ಅಮ್ಮನಿಗೆ ಗೊತ್ತಾ?"

"ದಿನಾ ಬೆಳಿಗ್ಗೆ ನನ್ನ ಅಂಗಿಗೆ ಗುಂಡಿ ಹಾಕೋದು ಯಾರು ಅಂದ್ಕೊಂಡಿದ್ದೀಯ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಯಾರ ಮೇಲೆ ಎಂದು ನಿಂತು ವಿಚಾರಿಸುವಷ್ಟು ವ್ಯವಧಾನವಿರಲಿಲ್ಲ. "ಇಬ್ಬರೂ ಸೇರ್ಕೊಂಡು ನನ್ನಿಂದ ಮುಚ್ಚಿಟ್ರಿ. ಡಾಕ್ಟ್ರ ಹತ್ರ ಹೋಗಿಲ್ಲ, ನನಗೆ ಒಂದು ಮಾತು ಹೇಳಿಲ್ಲ. ಸಾಲದು ಅಂತ ಕನ್ನಡಿ ಮುಂದೆ ಅಭ್ಯಾಸ ಮಾಡ್ಕೊಂಡು ಬಂದು ಕೈ ಬೀಸಿ ತೋರಿಸ್ತೀಯಾ? ನನಗೇ?"

ಅಪ್ಪ ಬಲಗೈಯಿಂದ ಯಂತ್ರದ ಸೂಜಿಯ ದಾರ ಎಳೆದ.

"ಮುಚ್ಚಿಡೋ ಹಾಗಿದ್ರೆ ಹೋದ ವಾರ ನಡೀತಾನೇ ಇರ್ಲಿಲ್ಲ ಪುಟ್ಟಿ," ಎಂದ. "ಹೇಳೋಣ ಅಂತ ಹೋದಾಗೆಲ್ಲ ನಾಲಿಗೆ ಏಳ್ತಿರ್ಲಿಲ್ಲ. ಅಷ್ಟರಲ್ಲಿ ನೀನೇ ಬಂದೆ. ನಡಿ ಅಪ್ಪ, ಒಂದೊಂದು ಚಿತ್ರಾನೂ ನಿಲ್ಸಿ ನಿಲ್ಸಿ ನೋಡ್ತೀನಿ ಅಂದೆ. ಸದ್ಯ, ನಾನು ಹೇಳೋದೇ ಬೇಡ, ಇವಳ ಕಣ್ಣಿಗೇ ಬೀಳುತ್ತೆ ಅಂತ ಖುಷಿಯಾಗೋಯ್ತು. ಆ ಕೈನ ಸ್ವಲ್ಪಾನೂ ಮರೆ ಮಾಡ್ದೆ ನಡೆದೆ. ದಿನಾ ಸಂಜೆ ನೀನು ಮನೆಗೆ ಬಂದಾಗ, ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ ಕಾದೆ. ಎಂಟು ದಿನ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಅವಳು ಕೇಳಿದಳು, "ಮತ್ತೆ ಇವತ್ತು ಯಾಕೆ ಹಾಗೆ ನಡೆದೆ?"

"ನಿನ್ನ ಮುಖ ನೋಡಿದೆ," ಎಂದ ಅಪ್ಪ. "ಸರಿಯಾಗಿರೋ ಕೈ ಬೇಕು ಅಂತ ಬಂದಿದ್ದೆ. ಕೊಟ್ಟೆ."

ಅವಳು ತೊಡೆಯ ಮೇಲಿದ್ದ ಆ ಕೈಯನ್ನು ಎತ್ತಿ ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಅಳು ಒಂದಿಷ್ಟು ತಹಬಂದಿಗೆ ಬರುವವರೆಗೂ ಕೂತಳು. ಆಮೇಲೆ ಮೂಗೊರೆಸಿಕೊಂಡು, "ಎದ್ದೇಳು, ಡಾಕ್ಟ್ರ ಹತ್ರ ಹೋಗೋಣ," ಎಂದಳು. "ಅವ್ರು ನಡಿ ಅಂದಾಗ ಮಾತ್ರ ಚೆನ್ನಾಗಿ ನಡೀಬೇಡ."