ಗೂಟದ ಮೇಲಿನ ಕಾಲ್ಮರಿ

ಕಾಲ್ಮರಿ ಕಾಲಿಗೆ ಹೋಗಲಿಲ್ಲ. ಹುಚ್ಚೀರಪ್ಪ ತಮ್ಮನ ಹೆಣದ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಚರ್ಮದ ಚಪ್ಪಲಿಯ ಪಟ್ಟಿ ಹಿಗ್ಗಿಸಿ, ಬೆರಳುಗಳನ್ನು ಒಂದೊಂದಾಗಿ ಒಳಗೆ ತೂರಿಸಲು ನೋಡುತ್ತಿದ್ದ. ಒಂಬತ್ತು ವರ್ಷ ಬರಿಗಾಲಲ್ಲಿ ನಡೆದ ಪಾದ ಅಗಲವಾಗಿ ಹರಡಿಕೊಂಡಿತ್ತು. ಕಾಲ್ಮರಿ ಮಾತ್ರ ಒಂಬತ್ತು ವರ್ಷದ ಹಿಂದಿನ ಅಳತೆಯದು.

"ಇದ್ದಾಗ ಯಾರ ಮಾತೂ ಕೇಳಲಿಲ್ಲ. ಸತ್ತ ಮ್ಯಾಲೂ ಕೇಳವಲ್ಲ ನೋಡ್ರಿ," ಎಂದು ಬೆವರು ಒರೆಸಿಕೊಂಡ.

ಕಟ್ಟೆಯ ಮೇಲೆ ಕೂತಿದ್ದ ಓಣಿಯ ಹಿರಿಯ ಬಾಲಪ್ಪ ಕೋಲಿನಿಂದ ನೆಲ ಕುಟ್ಟಿದ. "ಒತ್ತಬ್ಯಾಡೋ ಹುಚ್ಚೀರಾ. ಕಾಲ್ಮರಿ ಹಾಕಿದ್ರ ಹರಕಿ ತೀರಿದಂಗ. ತೀರೇತೇನು?"

"ಯಾರಿಗ್ಗೊತ್ರಿ? ಹೊನ್ನೂರಪ್ಪ ಮಾಸ್ತರ ರಿಜಲ್ಟಿನ ಪೇಪರ್ ತರಾಕ ಕುಷ್ಟಗಿಗೆ ಹೋಗ್ಯಾರ. ನಿನ್ನಿ ಹೋದವರು."

"ಹಂಗಾದ್ರ ಬರ್ಲಿ ತಡಿ."

ಹರಕೆ ಹೊತ್ತವನು ಹರಕೆಯ ಸಮೇತ ಮಣ್ಣಾಗಬಾರದೆಂಬುದು ತಾವರಗೇರಾದ ಆ ಓಣಿಯ ರೂಢಿ. ದೇವರ ಹೆಸರಲ್ಲಿ ಕೂದಲು ಬಿಟ್ಟವನ ಹರಕೆ ತೀರಿದ್ದರೆ ಕ್ಷೌರ ಮಾಡಿಸಿಯೇ ಎತ್ತುತ್ತಿದ್ದರು. ಅನ್ನ ಬಿಟ್ಟವನ ಬಾಯಿಗೆ ಒಂದು ಅಗುಳು ಇಡುತ್ತಿದ್ದರು. ತೀರದೆ ಉಳಿದಿದ್ದರೆ ಮನೆಯವರಲ್ಲಿ ಒಬ್ಬರು ಹೆಣದ ಮುಂದೆ ನಿಂತು ಅದನ್ನು ತಾವು ಹೊರಬೇಕು. ಬೆಳಗಿನ ಜಾವ ಚಳಿಜ್ವರದಲ್ಲಿ ತೀರಿಕೊಂಡ ಓಬಳೆಪ್ಪನ ಹರಕೆ ಎಂಥದ್ದೆಂದರೆ, ಅದನ್ನು ಕೇಳಿದವರು ಹೆಗಲು ಕೊಡುವುದಿರಲಿ, ಮೊದಲು ನಗುತ್ತಿದ್ದರು. ಕಾಲೇಜು ಪಾಸಾಗುವ ತನಕ ಕಾಲಿಗೆ ಏನೂ ಮೆಟ್ಟುವುದಿಲ್ಲ ಎಂದು ಅವನು ಹುಲಿಗೆಮ್ಮನ ಗುಡಿಯಲ್ಲಿ ಹೇಳಿ ಬಂದಿದ್ದ.

ಓಬಳೆಪ್ಪನಿಗೆ ಮಕ್ಕಳಿರಲಿಲ್ಲ. ಇದ್ದವರು ಅಣ್ಣ ಹುಚ್ಚೀರಪ್ಪ ಮತ್ತು ಹೆಂಡತಿ ಹುಲಿಗವ್ವ. ಅಣ್ಣನಿಗೆ ಐವತ್ತೆರಡು. ಅಕ್ಷರದ ಜೊತೆ ಅವನಿಗೆ ಹಗೆಯೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

"ನಾನು ಒಂದು ಕಾಯಿ ಒಡದು ಕೈ ಮುಗೀತೀನಿ. ತೀರಿತಂತ ಅಂದ್ಕೊಳ್ರಿ," ಎಂದ.

"ಕಾಯಿಗೆ ತೀರೋ ಹರಕಿ ಅಲ್ಲದು. ಹೊತ್ರ ಕಾಲೇಜಿಗೆ ಹೋಗಬೇಕಾಗತೈತಿ," ಎಂದ ಬಾಲಪ್ಪ. ಮಣ್ಣಿಗೆ ಬಂದವರಲ್ಲಿ ಇಬ್ಬರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು.

ಹುಲಿಗವ್ವ ನಗಲಿಲ್ಲ. ಹೆಣದ ತಲೆಯ ಬಳಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಭಾವನ ಎದುರು ಅವಳು ಎಂದೂ ಮುಖ ಎತ್ತಿ ಮಾತಾಡಿದವಳಲ್ಲ.

*

ಓಬಳೆಪ್ಪ ಊರ ಶಾಲೆಯ ಚಪರಾಸಿಯಾಗಿದ್ದ. ಬೆಳಿಗ್ಗೆ ಕೋಣೆ ಗುಡಿಸುವುದು, ಕೊಡ ತುಂಬುವುದು, ಗಂಟೆ ಹೊಡೆಯುವುದು. ಗಂಟೆ ಎಂದರೆ ಬೇವಿನ ಟೊಂಗೆಗೆ ಕಟ್ಟಿದ ರೈಲಿನ ಕಂಬಿಯ ತುಂಡು. ಅದರ ಕೆಳಗಿನ ಕಟ್ಟೆಯೇ ಅವನ ಜಾಗ. ಆಗ ಆ ಸೀಮೆಯ ಶಾಲೆ, ಕಾಲೇಜಿನ ಓದೆಲ್ಲ ಉರ್ದುವಿನಲ್ಲೇ. ಕಿಟಕಿಯಿಂದ ಹೊರಗೆ ಬರುವ ಉರ್ದು ಪಾಠ ಅವನ ಕಿವಿಗೆ ಬೀಳುತ್ತಿತ್ತು. ವರ್ಷಗಳ ನಂತರ ಒಂದು ದಿನ, ಒಳಗಿನ ಹುಡುಗರು ತಡವರಿಸಿದಾಗ ಹೊರಗೆ ತನ್ನ ಬಾಯಿ ತಾನಾಗಿ ಮುಂದಿನ ಸಾಲು ಹೇಳುತ್ತಿರುವುದು ಅವನ ಗಮನಕ್ಕೆ ಬಂತು.

ಅಂದು ಮನೆಗೆ ಬಂದವನು ಉಣ್ಣುವ ಮೊದಲೇ ಹೇಳಿದ. "ಹದಿಮೂರು ವರ್ಷ ಗಂಟಿ ಹೊಡದೀನಿ. ಹುಡುಗರು ಬಂದ್ರು, ಓದಿದ್ರು, ಹೋದ್ರು. ನಾನೊಬ್ಬನ ಕಟ್ಟಿ ಮ್ಯಾಲ ಉಳದೀನಿ. ಒಂದ್ಸಲರ ಒಳಗ ಕುಂತು ಗಂಟಿ ಕೇಳಬೇಕು ನೋಡು."

"ಕೇಳ್ರಿ. ಯಾರು ಬ್ಯಾಡಂದಾರ?" ಎಂದಳು ಹುಲಿಗವ್ವ. ಅದು ಎಷ್ಟು ದೂರ ಹೋಗುವ ಮಾತೆಂದು ಗೊತ್ತಿದ್ದರೆ ಬೇರೆ ಏನಾದರೂ ಅನ್ನುತ್ತಿದ್ದಳೋ ಏನೋ.

ಆಗ ಅವನಿಗೆ ಮೂವತ್ತೊಂದು. ಹುಲಿಗೆಮ್ಮನ ಗುಡಿಗೆ ಹೋಗಿ ಹರಕೆ ಹೊತ್ತು ಬಂದ. ಬರುವಾಗಲೇ ಬರಿಗಾಲು. ಪಾಸಾದ ದಿನ ಮೆಟ್ಟಲೆಂದು ಒಂದು ಜೊತೆ ಹೊಸ ಕಾಲ್ಮರಿ ಮಾಡಿಸಿ ಗೂಟಕ್ಕೆ ನೇತುಹಾಕಿದ. ಚರ್ಮ ಒಣಗಬಾರದೆಂದು ಅಮಾಸೆಗೊಮ್ಮೆ ಅದಕ್ಕೆ ಎಣ್ಣೆ ಹಚ್ಚುವ ಕೆಲಸ ಹುಲಿಗವ್ವನ ಪಾಲಿಗೆ ಬಂತು.

ಅವನ ನೇಮ ಸಣ್ಣದು: ಬೆಳಗಿನ ಗಂಟೆ ಹೊಡೆಯುವ ಮೊದಲು ಒಂದು ಪುಟ ಬಾಯಿಪಾಠ. ಆದ ದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ. ಆಗದಿದ್ದರೆ ಅಂದಿನ ರೊಟ್ಟಿ ಇಲ್ಲ. ಪ್ರತಿ ಹಬ್ಬಕ್ಕೆ ಹುಲಿಗವ್ವ ಮನೆಯೆಲ್ಲ ಸಾರಿಸಿ ಸುಣ್ಣ ಬಳಿದರೂ ಆ ಗೋಡೆಯನ್ನು ಹಾಗೇ ಬಿಡುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವನು ರೊಟ್ಟಿ ಬಿಟ್ಟದ್ದು ನಾಲ್ಕು ದಿನ.

ಪಾಠ ಒಪ್ಪಿಸಿಕೊಳ್ಳುವವಳು ಅವಳೇ. ಪುಸ್ತಕ ಅವಳ ಕೈಯಲ್ಲಿ. "ಇಪ್ಪತ್ತೇಳನೇ ಪುಟ ತಗಿ," ಎಂದು ಅವನು ಕಣ್ಣು ಮುಚ್ಚಿ ಹೇಳತೊಡಗುತ್ತಿದ್ದ. ಅವಳಿಗೆ ಓದಲು ಬರುತ್ತಿರಲಿಲ್ಲ. ಅವನು ನಿಲ್ಲಿಸಿದರೆ ತಪ್ಪಿದ ಎಂದು ತಿಳಿದುಕೊಳ್ಳುತ್ತಿದ್ದಳು, ಅಷ್ಟೇ. ಉಚ್ಚಾರ ತಪ್ಪಿದರೆ ಪಕ್ಕದ ಮನೆಯ ಮೆಹಬೂಬಬೀ ಗಿಡ್ಡ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುತ್ತಲೇ ತಿದ್ದುತ್ತಿದ್ದಳು. "ಗಂಟಲದಿಂದ ತಗೀರಿ ಓಬಳೆಪ್ಪಣ್ಣ, ಮೂಗಿನಿಂದ ಅಲ್ಲ!"

*

ಮೂರು ಸಲ ಕೂತು ಮೆಟ್ರಿಕ್ ಪಾಸಾದಾಗ ಅವನಿಗೆ ಮೂವತ್ತೇಳು. ರಜೆ ಕೇಳಿದ, ಕೊಡಲಿಲ್ಲ. ನೌಕರಿ ಬಿಟ್ಟ. ಹುಚ್ಚೀರಪ್ಪ ಓಣಿಗೆಲ್ಲ ಕೇಳುವ ಹಾಗೆ ಬೈದ. "ಸರ್ಕಾರಿ ನೌಕರಿ ಬಿಟ್ಟು ಸಣ್ಣ ಹುಡುಗರ ಸಂಗಾಟ ಕುಂದ್ರಾಕ ಹೊಂಟಾನ!"

ಅಣ್ಣ ಹೇಳಿದ್ದು ನಿಜವೇ ಆಗಿತ್ತು. ಗುಲಬರ್ಗಾದ ಕಾಲೇಜಿನ ಬಾಗಿಲಲ್ಲಿ ನಿಂತಿದ್ದ ಜವಾನ ಅವನ ಬರಿಗಾಲು ನೋಡಿ, "ನೀವು ಯಾರ ತಂದಿ?" ಎಂದು ಕೇಳಿದನಂತೆ. ಹುಡುಗರ ವಸತಿಯಲ್ಲಿ ಎರಡು ಹೊತ್ತು ಅಡಿಗೆ ಮಾಡಿ, ಅಲ್ಲೇ ಮಲಗಿ, ಹಿಂದಿನ ಬೆಂಚಿನಲ್ಲಿ ಕೂತು ಓದಿದ. ಮೊದಲ ವಾರ ಗಂಟೆಯಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದನಂತೆ. ರಜೆಗೆ ಬಂದಾಗ ಇದನ್ನೆಲ್ಲ ಅವನೇ ಹೇಳಿ ನಕ್ಕಿದ್ದ.

ಹೋದ ವರ್ಷ ನಪಾಸಾಗಿ ಬಂದ. ಕಾಲಿಗೆ ಜಾಲಿಮುಳ್ಳು ಚುಚ್ಚಿ ಕೀವಾಗಿತ್ತು. ಹುಲಿಗವ್ವ ಸೂಜಿಯಿಂದ ತೆಗೆಯುತ್ತ ಸಿಟ್ಟಿನಿಂದ ಹೇಳಿದಳು. "ಅಲ್ಲಿ ಒಂದು ಜೋಡಿ ಮೆಟ್ಟಿದ್ರ ಇಲ್ಲಿ ಯಾರಿಗ್ಗೊತ್ತಾಗತಿತ್ತು?"

"ನನ್ನ ಕಾಲಿಗೆ ಗೊತ್ತಾಗತಿತ್ತಲ್ಲ," ಎಂದ.

ಅವಳಿಗೆ ಅಳು ಬಂತು. ಮುಳ್ಳಿನದೋ ಮಾತಿನದೋ, ಅವನು ಕೇಳಲಿಲ್ಲ. ಈ ವರ್ಷ ಮತ್ತೆ ಪರೀಕ್ಷೆಗೆ ಕೂತು, ಜ್ವರ ಹೊತ್ತುಕೊಂಡೇ ಊರಿಗೆ ಬಂದ. ಬಂದವನೇ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ತನ್ನ ಪರೀಕ್ಷೆಯ ನಂಬರನ್ನು ಉರ್ದುವಿನಲ್ಲಿ ದೊಡ್ಡದಾಗಿ ಬರೆದು, ಅದರ ಕೆಳಗೇ ಮಲಗಿದ.

*

ಮಧ್ಯಾಹ್ನ ತಿರುಗುವ ಹೊತ್ತಿಗೆ ಹೊನ್ನೂರಪ್ಪ ಮಾಸ್ತರರ ಸೈಕಲ್ಲು ಓಣಿಗೆ ಬಂತು. ಓಬಳೆಪ್ಪನಿಗೆ ಮೆಟ್ರಿಕ್ಕಿನ ಲೆಕ್ಕ ಹೇಳಿಕೊಟ್ಟವರು ಅವರು. ಸಾವಿನ ಸುದ್ದಿ ಊರ ಅಗಸಿಬಾಗಿಲಲ್ಲೇ ತಿಳಿದಿತ್ತು. ಸೈಕಲ್ಲನ್ನು ಗೋಡೆಗೆ ಆನಿಸಿ ಅಂಗಳಕ್ಕೆ ಬಂದರು.

"ಏನಾತ್ರಿ ಮಾಸ್ತರ?" ಹುಚ್ಚೀರಪ್ಪ ಕೇಳಿದ. "ಬಿಸಲು ಏರೇತಿ. ಹೆಣ ಇನ್ನ ತಡಿಯಂಗಿಲ್ರಿ."

ಮಾಸ್ತರರು ಹೆಣದ ಕಡೆ ನೋಡಿದರು. ಪಕ್ಕದಲ್ಲಿ ಬಿದ್ದಿದ್ದ ಹೊಸ ಕಾಲ್ಮರಿಯ ಕಡೆ ನೋಡಿದರು. ಅಂಗಿಯ ಒಳಗಿನಿಂದ ಉರ್ದು ಪೇಪರು ತೆಗೆದು ಬಿಚ್ಚಿ, ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಪಾಸಾಗ್ಯಾನ."

ಅಂಗಳದಲ್ಲಿ ಗಲಗಲ ಎದ್ದಿತು. ಬಾಲಪ್ಪ ಕೈ ಎತ್ತಿ ಹುಲಿಗೆಮ್ಮನನ್ನು ನೆನೆದ. ಒಂಬತ್ತು ವರ್ಷ ನಕ್ಕವರೇ ಈಗ "ಹಟ ಅಂದ್ರ ಓಬಳೆಪ್ಪಂದು" ಎಂದರು. ಹುಚ್ಚೀರಪ್ಪನ ಕಣ್ಣು ತುಂಬಿ ಬಂತು. ಅವನು ಕಾಲ್ಮರಿಯ ಪಟ್ಟಿ ಕೊಯ್ಯಲು ಕುಡುಗೋಲು ತರಿಸಿದ. ಕೊಯ್ದರಾದರೂ ಕಾಲು ಹೋದೀತು ಎಂದು.

"ತಡೀರಿ ಭಾವಾರ," ಎಂದಳು ಹುಲಿಗವ್ವ, ಗೋಡೆಗೆ ಮುಖ ಮಾಡಿಯೇ. "ಮಾಸ್ತರ್ರಿ, ಎಲ್ಲೈತಿ ತೋರಸ್ರಿ."

ಮಾಸ್ತರರು ಬಗ್ಗಿ ಪೇಪರನ್ನು ಅವಳ ಮುಂದೆ ಹಿಡಿದು, ಸಾಲಿನ ನಡುವೆ ಬೆರಳಿಟ್ಟರು. "ಇಲ್ಲೈತಿ ನೋಡವ್ವ."

ಅವಳು ನೋಡಿದಳು. ಆಮೇಲೆ ಗೋಡೆ ನೋಡಿದಳು. ಮತ್ತೆ ಪೇಪರು ನೋಡಿದಳು.

"ಇದು ಮುನ್ನೂರಾ ಹದಿನಾಕು ಐತ್ರಿ. ಅವರ್ದು ಮುನ್ನೂರಾ ಹದಿಮೂರು."

ಅವಳಿಗೆ ಅಂಕಿ ಬರುತ್ತದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಪುಟ ತೆಗೆದು ತೆಗೆದು ಬಂದದ್ದು ಅದು.

"ಇರ್ಲಿ ಬಿಡವ್ವ ತಂಗಿ," ಎಂದ ಹುಚ್ಚೀರಪ್ಪ. "ಒಂದು ನಂಬರಿನಾಗ ಏನೈತಿ? ಬಾಜೂಕನ ಐತಲ್ಲ."

ಮಾಸ್ತರರು ಪೇಪರು ಮಡಚಿದರು. "ಅದರಾಗ ಇಲ್ಲವ್ವ. ಕುಷ್ಟಗಿಯೊಳಗ ಎರಡು ಸಲ ನೋಡಿದೆ. ಹನ್ನೆರಡು ಐತಿ, ಹದಿನಾಕು ಐತಿ. ಹದಿಮೂರಿಲ್ಲ. ಅವನ ಮಾರಿ ನೋಡಿ ಹಂಗಂದುಬಿಟ್ಟೆ. ತಪ್ಪಾತು."

"ನಿಮ್ಮ ಮನಸ್ಸು ನನಗ ಗೊತ್ತಾಗತೈತ್ರಿ," ಎಂದಳು ಅವಳು. ಸಿಟ್ಟಿರಲಿಲ್ಲ. "ಆದ್ರ ಅವರು ಎಂದೂ ಸುಳ್ಳ ಮೆಟ್ಟಲಿಲ್ಲ. ಈಗ ಅವರಿಗೆ ಬ್ಯಾಡ ಅನ್ನಾಕ ಬರಂಗಿಲ್ಲಂತ ಮೆಟ್ಟಸಬ್ಯಾಡ್ರಿ."

ಹುಚ್ಚೀರಪ್ಪ ಕುಡುಗೋಲು ಕೆಳಗಿಟ್ಟ. ಬಾಲಪ್ಪ ಬಹಳ ಹೊತ್ತು ನೆಲ ಕುಟ್ಟಿದ. "ಹಂಗಾರ ಹರಕಿ ಉಳೀತು. ಯಾರು ಹೊರಾವರು?"

ಅಣ್ಣ ತನ್ನ ಅಂಗೈ ನೋಡಿಕೊಂಡ.

ಹುಲಿಗವ್ವ ಎದ್ದಳು. ಸೆರಗು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, ಮೊದಲ ಸಲ ಭಾವನ ಕಡೆ ತಿರುಗಿ ನಿಂತಳು. "ನಾನು ಹೊರ್ತೀನಿ."

"ಹುಚ್ಚು ಹಿಡದೈತೇನು? ಮೂವತ್ತು ದಾಟೇತಿ ನಿನಗ!"

"ಅವರು ಹೊತ್ತಾಗ ಅವರಿಗೂ ದಾಟಿತ್ರಿ."

"ಒಂದಕ್ಷರ ಬರಂಗಿಲ್ಲ!"

"ಅಂಕಿ ಬರ್ತಾವ್ರಿ. ಅಕ್ಷರ ಅಷ್ಟ ಉಳದಾವ."

ಈ ಸಲ ಯಾರೂ ಟವೆಲ್ಲು ಬಾಯಿಗೆ ಒತ್ತಲಿಲ್ಲ. ಬಾಲಪ್ಪ ಹೆಣದ ಹಣೆಯ ಭಂಡಾರದ ಅರಿಷಿಣ ತೆಗೆದು ಅವಳ ಎರಡೂ ಪಾದಕ್ಕೆ ಹಚ್ಚಿದ. ಹಲಿಗೆಯವರು ಬಡಿಯತೊಡಗಿದರು. ಓಬಳೆಪ್ಪನನ್ನು ಬರಿಗಾಲಲ್ಲೇ ಎತ್ತಿದರು.

*

ಮಣ್ಣು ಕೊಟ್ಟು, ಬಾವಿಯಲ್ಲಿ ಮಿಂದು ಎಲ್ಲರೂ ತಿರುಗಿ ಬಂದಾಗ ಬಿಸಿಲು ಇನ್ನೂ ಇತ್ತು. ಹೆಣವಿದ್ದ ಜಾಗದಲ್ಲಿ ದೀಪ ಹಚ್ಚಿದ್ದರು. ಹುಲಿಗವ್ವ ಹೊಸ ಕಾಲ್ಮರಿಯನ್ನು ಎತ್ತಿ, ಧೂಳು ಒರೆಸಿ, ಅದರ ಗೂಟಕ್ಕೇ ಹಾಕಿದಳು. ಆಮೇಲೆ ಹೊರಗಿನ ಕಟ್ಟೆಯಿಂದ, ತಾನು ಹೊಲದ ಕೆಲಸಕ್ಕೆ ಮೆಟ್ಟುತ್ತಿದ್ದ ಸವೆದ ಕಾಲ್ಮರಿಗಳನ್ನು ತಂದು, ಪಟ್ಟಿಗೆ ಪಟ್ಟಿ ಕಟ್ಟಿ, ಅದರ ಪಕ್ಕದಲ್ಲಿ ನೇತುಹಾಕಿದಳು.

ದೂರದಲ್ಲಿ ಶಾಲೆ ಬಿಟ್ಟ ಗಂಟೆಯಾಯಿತು. ಈಗಿನ ಚಪರಾಸಿಯದು ಅವಸರದ ಕೈ.

ಅವಳು ಟ್ರಂಕಿನ ತಳದಿಂದ ಓಬಳೆಪ್ಪನ ಮೊಟ್ಟಮೊದಲ ಪುಸ್ತಕ ತೆಗೆದು, ಗೆರೆಗಳ ಗೋಡೆಗೆ ಒರಗಿ ಕೂತು, ಉರ್ದು ಪುಸ್ತಕ ಬಿಚ್ಚುವ ಹಾಗೆ ಬಲಗಡೆಯಿಂದ ಬಿಚ್ಚಿದಳು. ಬಾಗಿಲಲ್ಲಿ ಕೂತಿದ್ದ ಹುಚ್ಚೀರಪ್ಪ, "ತಿರುಮುರುಗಾ ಹಿಡದಿ ನೋಡವ್ವ," ಎಂದು ಮೆಲ್ಲಗೆ ಹೇಳಿದ.

ಪುಟದ ಮೇಲೆ ಒಂದು ಎಂಬ ಅಂಕಿ ಇತ್ತು. ಅದು ಅವಳಿಗೆ ಗೊತ್ತಿತ್ತು. ಅದರ ಕೆಳಗಿನದು ಯಾವುದೂ ಗೊತ್ತಿರಲಿಲ್ಲ. ಗಿಡ್ಡ ಗೋಡೆಯ ಆಚೆ ಮೆಹಬೂಬಬೀ ಸಾವಿನ ಮನೆಯವರಿಗಾಗಿ ರೊಟ್ಟಿ ಬಡಿಯುತ್ತಿದ್ದಳು. ಹುಲಿಗವ್ವ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು, ಅದು ಯಾವುದೆಂದು ಅವಳನ್ನು ಕೇಳಲು, ಆ ಸದ್ದು ನಿಲ್ಲುವುದನ್ನೇ ಕಾಯುತ್ತ ಕೂತಳು.